ಬೇಲಿಯನ್ನೂ ಸೇರಿಸಿ ತೆಗೆಯಿರಿ

ಹೆತ್ತೂರಿನ ಬೆಟ್ಟಗಳಿಗೆ ಕ್ಯಾಮೆರಾ ಹೊತ್ತು ಬರುವ ಹವ್ಯಾಸಿ ಛಾಯಾಗ್ರಾಹಕರಿಗೆ ಒಂದು ಬಹಿರಂಗ ಪತ್ರ

ಗೆಳೆಯರೇ,

ಶನಿವಾರ ಬೆಳಗಿನ ಜಾವ ಹೆತ್ತೂರು ದಾಟಿ ವಣಗೂರಿನ ಕಡೆಗೆ ಹೋಗುವ ಕಾರುಗಳ ಹಿಂದಿನ ಸೀಟಿನಲ್ಲಿ ಟ್ರೈಪಾಡ್ ಕಂಡರೆ ಅದು ನೀವೇ ಎಂದು ನಮಗೆ ತಿಳಿಯುತ್ತದೆ. ಎಲ್ಲಿಗೆ ಹೊರಟಿರಿ ಎಂದು ಕೇಳಬೇಕಾದ್ದೂ ಇಲ್ಲ. ಬಿಸಿಲೆ, ಇಲ್ಲವೇ ಪಟ್ಲ ಬೆಟ್ಟ. ಮಧ್ಯಾಹ್ನ ವಾಪಸು ಬರುವಾಗ ಕ್ಯಾಮೆರಾದಲ್ಲಿ ಏನಿರುತ್ತದೆ ಎಂಬುದನ್ನೂ ಅಂದಾಜು ಮಾಡಬಹುದು: ಒಂದರ ಹಿಂದೊಂದು ನಿಂತ ನೀಲಿ ಬೆಟ್ಟಗಳು, ಕಣಿವೆ ತುಂಬಿದ ಮಂಜು, ಒಂದು ಮೂಲೆಗೆ ಒಂಟಿ ಮರ. ಚೆಂದದ ಚಿತ್ರವೇ. ನನ್ನ ಬಳಿಯೂ ಇದೆ. ನಮ್ಮ ಮನೆಯ ಜಗಲಿಯ ಕ್ಯಾಲೆಂಡರಿನಲ್ಲೂ ಅಂಥದ್ದೇ ಒಂದು ತೂಗುತ್ತಿದೆ. ತೆಗೆದವರು ಯಾರೋ ಗೊತ್ತಿಲ್ಲ, ತೆಗೆದ ಜಾಗ ಮಾತ್ರ ಕಣ್ಣು ಮುಚ್ಚಿ ಹೇಳಬಲ್ಲೆ.

ನಾನು ಇದೇ ಹೋಬಳಿಯವನು. ಒಂದಿಷ್ಟು ಕಾಫಿ, ಮೆಣಸು, ಹಟ ಹಿಡಿದು ಉಳಿಸಿಕೊಂಡ ಒಂದು ತುಂಡು ಗದ್ದೆ. ಜೊತೆಗೆ, ರೋಲು ತೊಳೆಸಲು ಹಾಸನದ ಬಸ್ಸು ಹತ್ತಬೇಕಿದ್ದ ಕಾಲದಿಂದ ಅಂಟಿಕೊಂಡ ಫೋಟೊ ಹುಚ್ಚು. ಊರಿನವರ ಪಾಲಿಗೆ ನಾನು ಕೆಲಸ ಬಿಟ್ಟು ಬೆಟ್ಟ ನೋಡುವವನು. ನಿಮ್ಮ ಪಾಲಿಗೆ ದಾರಿ ತೋರಿಸುವ ಲೋಕಲ್. ಎರಡೂ ಕಡೆಯವನಾದ್ದರಿಂದ ಈ ಪತ್ರ ಬರೆಯುವ ಸಲಿಗೆ ತೆಗೆದುಕೊಂಡಿದ್ದೇನೆ. ಬರಬೇಡಿ ಎನ್ನಲು ಬರೆಯುತ್ತಿಲ್ಲ. ಬಂದಾಗ ಚೌಕಟ್ಟಿನಿಂದ ಏನನ್ನು ಹೊರಗೆ ತಳ್ಳುತ್ತೀರಿ ಎಂಬ ಬಗ್ಗೆ ನನ್ನದೊಂದು ತಕರಾರಿದೆ, ಅಷ್ಟೇ.

ಮೊದಲು ಆ ನೀಲಿ ಚಿತ್ರದ ಗುಟ್ಟು ಹೇಳಿಬಿಡುತ್ತೇನೆ. ಬಿಸಿಲೆಯ ವೀಕ್ಷಣಾ ಸ್ಥಳದಲ್ಲಿ ನಿಂತರೆ ನಿಮ್ಮ ಮುಖ ಹೆಚ್ಚುಕಡಿಮೆ ದಕ್ಷಿಣಕ್ಕಿರುತ್ತದೆ. ಕೆಳಗೆ ಗಿರಿಹೊಳೆಯ ಕಣಿವೆ, ಎದುರಿಗೆ 1712 ಮೀಟರ್ ಎತ್ತರದ ಕುಮಾರಪರ್ವತ, ಅದರ ಅಕ್ಕಪಕ್ಕದ ಸಾಲು. ಹಾಸನ, ಕೊಡಗು, ದಕ್ಷಿಣ ಕನ್ನಡ ಮೂರೂ ಜಿಲ್ಲೆಗಳ ಕಾಡು ಅಲ್ಲಿ ಒಂದೇ ನೋಟಕ್ಕೆ ಸಿಗುತ್ತದೆ. ನೀವು ಬರುವುದು ಬಹುಪಾಲು ನವೆಂಬರಿನಿಂದ ಫೆಬ್ರವರಿಯ ಒಳಗೆ. ಆ ತಿಂಗಳುಗಳಲ್ಲಿ ಸೂರ್ಯ ಆಗ್ನೇಯದ ಕಡೆ ಹುಟ್ಟಿ ದಿನವಿಡೀ ದಕ್ಷಿಣಕ್ಕೆ ವಾಲಿಕೊಂಡೇ ಸಾಗುತ್ತಾನೆ. ಹಾಗಾಗಿ ಬೆಟ್ಟದ ಈಚೆ ಮೈ ನೆರಳಲ್ಲಿರುತ್ತದೆ. ನಡುವಿನ ಗಾಳಿ ಬೆಳಕನ್ನು ಚದುರಿಸುವುದರಿಂದ ದೂರದ ಸಾಲು ತಿಳಿ ನೀಲಿ, ಹತ್ತಿರದ್ದು ಕಡು ನೀಲಿ. ಯಾರು ನಿಂತು ಯಾವ ಕ್ಯಾಮೆರಾ ಹಿಡಿದರೂ ಅಲ್ಲಿ ಆ ಚಿತ್ರವೇ ಬರುತ್ತದೆ. ಅದರಲ್ಲಿ ಬೆಟ್ಟದ ಪಾಲು ಎಷ್ಟೋ ಅಷ್ಟೇ ಪಾಲು ಡಿಸೆಂಬರಿನದು.

ಆದರೆ ನಾವಿರುವುದು ಸುಮಾರು ಹನ್ನೆರಡೂ ಮುಕ್ಕಾಲು ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಲ್ಲಿ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗೆ ಬಂದು, ಅಲ್ಲಿಂದ ಉತ್ತರಕ್ಕೆ ದಾಟಿ, ಆಗಸ್ಟ್ ಮೂರನೆಯ ವಾರದವರೆಗೆ ಆ ಕಡೆಯೇ ಉಳಿಯುತ್ತಾನೆ. ಆ ದಿನಗಳಲ್ಲಿ ಬಿಸಿಲೆಯಲ್ಲಿ ಬೆಳಕು ನಿಮ್ಮ ಬೆನ್ನ ಕಡೆಯಿಂದ ಬೆಟ್ಟದ ಮೇಲೆ ಬೀಳುತ್ತದೆ. ಮೇ ತಿಂಗಳಲ್ಲಿ ಒಂದು ಗುಡುಗು ಮಳೆ ಬಂದು ಗಾಳಿ ತೊಳೆದುಹೋದ ಮರುದಿನ ಬಂದು ನೋಡಿ. ಚಳಿಗಾಲದಲ್ಲಿ ಬರಿಯ ಆಕಾರವಾಗಿದ್ದ ಬೆಟ್ಟಕ್ಕೆ ಮೈ ಬಂದಿರುತ್ತದೆ. ಒಂದೊಂದು ಮರದ ನೆತ್ತಿಯದೂ ಒಂದೊಂದು ಹಸಿರು, ನಡುನಡುವೆ ಕೆಂಚು ಚಿಗುರು, ಮೇಲೆ ಹುಲ್ಲುಗಾವಲು, ಹುಲ್ಲಿನ ಮಡಿಕೆಗಳಲ್ಲಿ ಅಡಗಿದ ಶೋಲಾ ಕಾಡು. ಮಧ್ಯಾಹ್ನ ಕ್ಯಾಮೆರಾ ಒಳಗಿಡಿ ಎಂದು ಪುಸ್ತಕಗಳಲ್ಲಿ ಬರೆದವರು ಬಿಸಿಲೆಗೆ ಬಂದವರಲ್ಲ.

ಇದು ಬೆಳಕಿನ ಮಾತಾಯಿತು. ನನ್ನ ತಕರಾರು ಬೇರೆ.

ಭೂದೃಶ್ಯ ಎಂದೊಡನೆ ನಮ್ಮೆಲ್ಲರ ತಲೆಯಲ್ಲಿ ಕೂತಿರುವವರು ಅಮೆರಿಕದ ಆನ್ಸೆಲ್ ಆಡಮ್ಸ್. 1944ರಲ್ಲಿ ಅವರು ಕ್ಯಾಲಿಫೋರ್ನಿಯಾದ ಲೋನ್ ಪೈನ್ ಎಂಬ ಊರಿನಿಂದ ಸಿಯೆರಾ ನೆವಾಡಾ ಪರ್ವತದ ಚಳಿಗಾಲದ ಮುಂಜಾವನ್ನು ತೆಗೆದರು. ಹಿಮದ ಶಿಖರಗಳಿಗೆ ಬಿಸಿಲು ತಾಗಿದೆ, ನಡುವೆ ಕಪ್ಪು ಗುಡ್ಡ, ಮುಂದಿನ ಹುಲ್ಲಿನಲ್ಲಿ ಒಂದು ಕುದುರೆ ಮೇಯುತ್ತಿದೆ. ಆ ಗುಡ್ಡದ ಮೇಲೆ ಊರಿನ ಹೈಸ್ಕೂಲ್ ಹುಡುಗರು ಸುಣ್ಣದಲ್ಲಿ ಊರ ಹೆಸರಿನ ಎರಡು ಮೊದಲಕ್ಷರಗಳನ್ನು ದೊಡ್ಡದಾಗಿ ಬರೆದಿದ್ದರು. ಆಡಮ್ಸ್ ಅದನ್ನು ಅಳಿಸಿಹಾಕಿದರು. ಅಳಿಸಿದ್ದನ್ನು ಮುಚ್ಚಿಡದೆ ಮುಂದೆ ಬರೆದೂ ಇದ್ದಾರೆ. ಚಿತ್ರ ಅದ್ಭುತವೇ, ಅನುಮಾನವಿಲ್ಲ. ಆದರೂ ಅದನ್ನು ನೋಡಿದಾಗಲೆಲ್ಲ, ಸುಣ್ಣದ ಬಕೆಟ್ ಹೊತ್ತು ಕಲ್ಲುಗುಡ್ಡ ಹತ್ತಿದ ಆ ಹುಡುಗರ ನೆನಪಾಗುತ್ತದೆ ನನಗೆ. ಬೆಟ್ಟದ ಕೆಳಗೆ ಬೆಳೆದವರು ಅವರು. ಮುಂದೆ 1975ರಲ್ಲಿ ಅದೇ ದೇಶದ ರಾಚೆಸ್ಟರಿನಲ್ಲಿ 'ನ್ಯೂ ಟೋಪೊಗ್ರಾಫಿಕ್ಸ್' ಎಂಬ ಪ್ರದರ್ಶನ ನಡೆಯಿತು. ರಾಬರ್ಟ್ ಆಡಮ್ಸ್, ಲೂಯಿಸ್ ಬಾಲ್ಟ್ಸ್ ಮೊದಲಾದವರು ಅಲ್ಲಿ ತೋರಿಸಿದ್ದು ಮನುಷ್ಯ ಕೈಯಾಡಿಸಿದ ನೆಲವನ್ನೇ: ಬಡಾವಣೆ, ಗೋದಾಮು, ಪಾರ್ಕಿಂಗ್ ಜಾಗ. ನೋಡಿದ ಎಷ್ಟೋ ಜನ ಮುಖ ಸಿಂಡರಿಸಿದರು. ಇವತ್ತು ಭೂದೃಶ್ಯದ ಚರಿತ್ರೆ ಬರೆಯುವವರು ಆ ಪ್ರದರ್ಶನವನ್ನು ಬಿಟ್ಟು ಮುಂದೆ ಹೋಗುವುದಿಲ್ಲ.

ಹೆತ್ತೂರಿನಲ್ಲಿ ಹೀಗೆ ಅಳಿಸಿಹೋಗುತ್ತಿರುವುದು ಏನು ಗೊತ್ತೇ? ಬೇಲಿ.

ಸೋಲಾರ್ ಬೇಲಿಯ ತಂತಿ ಇಲ್ಲದ ತೋಟ ಈಗ ನಮ್ಮ ಕಡೆ ಹುಡುಕಿದರೂ ಸಿಗುವುದು ಕಷ್ಟ. ಎಲ್ಲೆಲ್ಲೂ ಕಂಬ, ಇನ್ಸುಲೇಟರ್, ಎರಡು ಮೂರು ಎಳೆ ತಂತಿ. ಕೆಲವೆಡೆ ಆನೆ ಕಂದಕ. ನಿಮ್ಮಲ್ಲಿ ಒಬ್ಬರು ನಮ್ಮ ಗದ್ದೆಯ ಬದುವಿನ ಮೇಲೆ ಕೂತು, ಆಗತಾನೇ ತೆಗೆದ ಚಿತ್ರದಲ್ಲಿದ್ದ ತಂತಿಯನ್ನು ಮೊಬೈಲಿನ ಪರದೆಯ ಮೇಲೆ ಬೆರಳಿನಿಂದ ಉಜ್ಜಿ ಮಾಯ ಮಾಡಿ ತೋರಿಸಿದರು. ಕ್ಷಣಾರ್ಧದ ಕೆಲಸ. ಪಕ್ಕದಲ್ಲಿ ನಿಂತಿದ್ದ ನಮ್ಮ ಮನೆಯ ಆಳು ಬಗ್ಗಿ ನೋಡಿ, 'ಆನೇನೂ ಹಿಂಗೇ ಉಜ್ಜಕ್ಕಾಗುತ್ತಾ ಸಾರ್?' ಎಂದ. ಎಲ್ಲರೂ ನಕ್ಕೆವು. ಅವನು ನಗಲಿಲ್ಲ.

ಆ ತಂತಿಯ ಹಿಂದೆ ನಮ್ಮ ಇತ್ತೀಚಿನ ಕಾಲದ ಕತೆಯೆಲ್ಲ ಇದೆ. ಸಕಲೇಶಪುರ, ಆಲೂರು ತಾಲ್ಲೂಕುಗಳಲ್ಲಿ ಆನೆಗಳು ಈಗ ದಾಟಿ ಹೋಗುವ ಪ್ರಾಣಿಗಳಲ್ಲ, ತೋಟಗಳಲ್ಲೇ ಉಳಿದುಬಿಟ್ಟಿವೆ. ಕಾಫಿ ತೋಟದಲ್ಲಿ ನೆರಳಿದೆ, ಕೆರೆಯಿದೆ, ಬೈನೆ ಇದೆ, ಹಲಸಿನ ಕಾಲದಲ್ಲಿ ಹಲಸಿದೆ, ಕೆಳಗೆ ಗದ್ದೆಯಲ್ಲಿ ಹಾಲು ತುಂಬಿದ ಭತ್ತ. ರಾತ್ರಿ ಕಾಯಲಾರದೆ, ಕಾದರೂ ದಕ್ಕಿಸಿಕೊಳ್ಳಲಾರದೆ ಎಷ್ಟೋ ಜನ ಗದ್ದೆಯನ್ನು ಬೀಳು ಬಿಟ್ಟಿದ್ದಾರೆ. ಮಳೆಗಾಲದಲ್ಲಿ ನೀವು 'ಹಸಿರು ಹಾಸು' ಎಂದು ಕೆಳಗೆ ಬರೆದು ಹಾಕುವ ಕಣಿವೆಯ ತಳದ ಸಮತಟ್ಟು ಜಾಗ ಇದೆಯಲ್ಲ, ಹಲವು ಕಡೆ ಅದು ನಾಟಿ ನಿಂತುಹೋದ ಗದ್ದೆ. ಬದುಗಳ ಗೆರೆ ಇನ್ನೂ ಕಾಣುತ್ತದೆ. ಇಳಿಬಿಸಿಲಿನಲ್ಲಿ ಸ್ವಲ್ಪ ಎತ್ತರದಿಂದ ತೆಗೆದರೆ ಒಂದೊಂದು ಗದ್ದೆಯ ಅಂಚೂ ಬೇರೆಯಾಗಿ ಎದ್ದು ಬರುತ್ತದೆ. ಅದನ್ನು ತೆಗೆಯಿರಿ ಎಂದೇ ನಾನು ಹೇಳುತ್ತಿರುವುದು.

2023ರ ಡಿಸೆಂಬರ್ 4ರಂದು ಯಸಳೂರು ಅರಣ್ಯ ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆ ನಡೆಯುತ್ತಿದ್ದಾಗ ಅರ್ಜುನ ಸತ್ತದ್ದು ನಿಮಗೆಲ್ಲ ನೆನಪಿರಬಹುದು. ಎಂಟು ಸಲ ಮೈಸೂರು ದಸರಾದ ಚಿನ್ನದ ಅಂಬಾರಿ ಹೊತ್ತವನು. ನಮ್ಮ ರಾಜ್ಯದಲ್ಲಿ ಅವನಷ್ಟು ಕ್ಯಾಮೆರಾಗಳ ಮುಂದೆ ನಡೆದ ಆನೆ ಇನ್ನೊಂದಿರಲಾರದು. ಒಂಟಿ ಸಲಗದ ಜೊತೆ ಕಾದಾಡಿ ಬಿದ್ದ ಆ ಕಾಡಿನಲ್ಲೇ, ದಬ್ಬಳ್ಳಿಕಟ್ಟೆಯಲ್ಲಿ, ಅವನನ್ನು ಮಣ್ಣು ಮಾಡಿದರು. ಹೆತ್ತೂರಿನಿಂದ ದೂರದ ಜಾಗವೇನಲ್ಲ. ಆಗ ಸುದ್ದಿಯ ಕ್ಯಾಮೆರಾಗಳು ಬಂದವು, ಹೋದವು. ನಿಮ್ಮ ಪಟ್ಟಿಯಲ್ಲಿ ಮಾತ್ರ ಆ ಜಾಗ ಸೇರಲಿಲ್ಲ. ಅಲ್ಲೇನೂ ಸೂರ್ಯಾಸ್ತವಿಲ್ಲ, ನಿಜ. ಈ ಬೆಟ್ಟಗಳಲ್ಲಿ ಈಗ ಏನು ನಡೆಯುತ್ತಿದೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಕೈ ತೋರಿಸುವುದು ಆ ಕಡೆಗೆ.

ಆನೆಯ ಮಾತು ಬಂದದ್ದರಿಂದ ಡ್ರೋನ್ ವಿಷಯವನ್ನೂ ಹೇಳಿಬಿಡುತ್ತೇನೆ. ಮಂಜರಾಬಾದ್ ಕೋಟೆಯ ನಕ್ಷತ್ರದ ಆಕಾರ ಮೇಲಿನಿಂದಲೇ ಕಾಣುವುದು. ಟಿಪ್ಪು 1792ರ ಹೊತ್ತಿಗೆ ಕಟ್ಟಿಸಿದ ಆ ಎಂಟು ಮೂಲೆಯ ಕೋಟೆಯನ್ನು ಆಕಾಶದಿಂದ ತೆಗೆಯುವ ಆಸೆ ನನಗೂ ಅರ್ಥವಾಗುತ್ತದೆ. 2021ರ ಡ್ರೋನ್ ನಿಯಮದಲ್ಲಿ ಹಸಿರು ವಲಯಗಳಲ್ಲಿ 400 ಅಡಿವರೆಗೆ ಹಾರಿಸಬಹುದು ಎಂದಿದೆ ಎಂದು ನೀವು ನನಗೆ ಕಾನೂನು ಹೇಳುತ್ತೀರಿ. ಅದೇ ಉಸಿರಿನಲ್ಲಿ ಇನ್ನೊಂದು ಸಂಗತಿ ಕೇಳಿ. ಆಫ್ರಿಕಾದ ತಾಂಜಾನಿಯಾದಲ್ಲಿ ಹೊಲಕ್ಕೆ ನುಗ್ಗಿದ ಆನೆಗಳನ್ನು ಓಡಿಸಲು ಡ್ರೋನ್ ಬಳಸಿದ್ದಾರೆ. ಜೇನುನೊಣದಂಥ ಆ ಗುಂಯ್‌ಗುಡುವ ಸದ್ದಿಗೆ ಆನೆ ಜಾಗ ಬಿಟ್ಟು ಏಳುತ್ತದೆ. ಅಲ್ಲಿ ಎಲ್ಲಿಂದ ಎಲ್ಲಿಗೆ ಓಡಿಸಬೇಕೆಂದು ಗೊತ್ತಿದ್ದವರು ಹಾರಿಸುತ್ತಾರೆ. ಇಲ್ಲಿ ಡಿಸೆಂಬರ್, ಜನವರಿಯಲ್ಲಿ ತೋಟದ ತುಂಬ ಕಾಫಿ ಹಣ್ಣು ಕೊಯ್ಯುವ ಹೆಂಗಸರಿರುತ್ತಾರೆ. ಪಕ್ಕದ ಪಟ್ಟಿಯಲ್ಲಿ ಆನೆ ಮಲಗಿರುತ್ತದೆ. ಅದು ಎಲ್ಲಿದೆ ಎಂದು ತೋಟದ ಕೆಲಸ ನೋಡಿಕೊಳ್ಳುವ ರೈಟರಿನ ಮೊಬೈಲಿಗೆ ಬೆಳಿಗ್ಗೆಯೇ ಸಂದೇಶ ಬಂದಿರುತ್ತದೆ, ಕೊಯ್ಲು ಇನ್ನೊಂದು ಕಡೆಗೆ ಹೋಗಿರುತ್ತದೆ. ನಿಮ್ಮ ಡ್ರೋನ್ ಬಂದು ಆನೆಯನ್ನು ಎಬ್ಬಿಸಿದರೆ ಅದು ಯಾವ ಕಡೆಗೆ ಹೋಗಬೇಕು? ಕಾನೂನು ಏನೇ ಹೇಳಲಿ, ತೋಟದವರನ್ನು ಕೇಳದೆ ಹಾರಿಸಬೇಡಿ. ಅರಣ್ಯದ ಮೇಲಂತೂ ಇಲಾಖೆಯ ಅನುಮತಿ ಇಲ್ಲದೆ ಹಾರಿಸುವ ಮಾತೇ ಇಲ್ಲ.

ಇನ್ನು ಮಳೆ. ಇದರ ಬಗ್ಗೆ ಬರೆಯುತ್ತ ಹೋದರೆ ಪತ್ರ ಮುಗಿಯುವುದಿಲ್ಲ. ಆದರೂ ಬರೆಯುತ್ತೇನೆ, ಏಕೆಂದರೆ ನೀವು ಬರದೇ ಇರುವುದು ಆಗಲೇ.

ನಿಮ್ಮ ಮೊಬೈಲಿನ ಆಪ್ ಸೂರ್ಯೋದಯದ ನಿಮಿಷ ಹೇಳುತ್ತದೆ. ನಮ್ಮಲ್ಲಿ ಬೆಳಕಿನ ಲೆಕ್ಕ ಮಳೆ ನಕ್ಷತ್ರಗಳದ್ದು. ಏಪ್ರಿಲ್ ಕೊನೆಗೆ ಹಿಡಿಯುವ ಭರಣಿಯಲ್ಲಿ ಸಂಜೆ ಹೊತ್ತು ಮೋಡ ಕಟ್ಟುವ ರೀತಿಯೇ ಬೇರೆ. ಬಯಲುಸೀಮೆಯ ಕಡೆ ಕಪ್ಪು ಗೋಡೆ ಎದ್ದಿರುತ್ತದೆ, ಘಟ್ಟದ ಕಡೆಯಿಂದ ಬಿಸಿಲು ಇಳಿಯುತ್ತಿರುತ್ತದೆ. ಕಪ್ಪಿನ ಮುಂದೆ ತೋಟದ ಸಿಲ್ವರ್ ಓಕ್ ಮರಗಳು ಹೊಳೆಯುತ್ತವೆ. ಜೂನ್ ಕೊನೆಯ ಆರಿದ್ರೆಯಿಂದ ಪುನರ್ವಸು ಮುಗಿಯುವವರೆಗೆ ಬೆಟ್ಟದ ಆಸೆ ಬಿಡಿ. ದಿನಗಟ್ಟಲೆ ಎದುರಿನ ಮರವೂ ಕಾಣುವುದಿಲ್ಲ. ಆಗ ಹತ್ತಿರದ್ದನ್ನು ತೆಗೆಯಿರಿ: ಪ್ಲಾಸ್ಟಿಕ್ ಕೊಪ್ಪೆ ಹೊದ್ದು ತೋಟಕ್ಕೆ ಹೋಗುವವರು, ಹೆಂಚಿನ ಅಂಚಿನಿಂದ ಸುರಿಯುವ ನೀರು, ರಸ್ತೆ ದಾಟುವ ಹಳ್ಳ. ಜುಲೈ ಮೂರನೆಯ ವಾರದ ಪುಷ್ಯ, ಅದರ ನಂತರದ ಆಶ್ಲೇಷ ಬಂದಾಗ ಮಳೆ ಬಿಟ್ಟು ಬಿಟ್ಟು ಹೊಳವಾಗುತ್ತದೆ. ಆ ಹೊಳವಿಗೇ ನಾನು ಕಾಯುವುದು. ಗದ್ದೆಯಲ್ಲಿ ನಾಟಿ ನಡೆಯುತ್ತಿರುತ್ತದೆ, ಇದ್ದಕ್ಕಿದ್ದಂತೆ ಮೋಡ ಒಂದು ಕಡೆ ಹರಿದು ಬಿಸಿಲಿನ ಒಂದು ತುಂಡು ಎದುರು ಗುಡ್ಡದ ಮೇಲೆ ಓಡುತ್ತ ಹೋಗುತ್ತದೆ. ಹತ್ತು ನಿಮಿಷ ಸಿಕ್ಕರೆ ಅದೃಷ್ಟ. ಮತ್ತೆ ಜಡಿಮಳೆ. ಮಘೆ, ಹುಬ್ಬೆಯಲ್ಲಿ ಬಿಸಿಲು ಮಳೆ ಎರಡೂ ಕೂಡಿ ಬರುತ್ತವೆ. ಕಾಮನಬಿಲ್ಲು ಬೇಕಾದವರು ಆಗ ಬನ್ನಿ. ಸೂರ್ಯ 42 ಡಿಗ್ರಿಗಿಂತ ಮೇಲೇರಿದರೆ ನೆಲದಲ್ಲಿ ನಿಂತವರಿಗೆ ಬಿಲ್ಲು ಕಾಣುವುದಿಲ್ಲ, ಆದ್ದರಿಂದ ಬೆಳಿಗ್ಗೆ ಪಶ್ಚಿಮಕ್ಕೆ, ಸಂಜೆ ಪೂರ್ವಕ್ಕೆ ತಿರುಗಿ ನಿಲ್ಲಬೇಕು. ಉತ್ತರೆಯಿಂದ ಚಿತ್ತೆಯವರೆಗೆ ಪಟ್ಲ ಬೆಟ್ಟದ ಹುಲ್ಲು ಸೊಂಟದೆತ್ತರ ಬೆಳೆದು ಗಾಳಿಗೆ ಅಲೆಯಾಡುತ್ತದೆ. ಜೀಪಿನ ಗಾಲಿ ಕೊರೆದ ಗೀರುಗಳು ಆಗ ಸ್ವಲ್ಪ ಮುಚ್ಚಿರುತ್ತವೆ. ಮಾರ್ಚ್ ಹೊತ್ತಿಗೆ ಮತ್ತೆ ಎಲುಬಿನಂತೆ ಎದ್ದು ಕಾಣುತ್ತವೆ. ಅವೂ ನಿಮ್ಮ ಚಿತ್ರದಲ್ಲಿರಲಿ. ಸಾಧ್ಯವಾದರೆ ಕೊನೆಯ ಏರನ್ನು ನಡೆದೇ ಹತ್ತಿ.

ಮಂಜಿನಲ್ಲಿ ತೆಗೆಯುವವರಿಗೆ ಎರಡು ಮಾತು. ಕ್ಯಾಮೆರಾದ ಮೀಟರ್ ಜಗತ್ತನ್ನೆಲ್ಲ ನಡುಬೂದು ಬಣ್ಣಕ್ಕೆ ಎಳೆಯುತ್ತದೆ. ಬಿಳಿ ಮಂಜನ್ನು ಅದರ ಪಾಡಿಗೆ ಬಿಟ್ಟರೆ ಕೆಸರು ನೀರಿನ ಬಣ್ಣಕ್ಕೆ ತಿರುಗುತ್ತದೆ, ಒಂದು ಸ್ಟಾಪ್ ಮೇಲಕ್ಕೆ ಏರಿಸಿ. ಹಾಗೆಯೇ ಮಂಜಿಗೆ ಆಳ ಬರಬೇಕಾದರೆ ಹತ್ತಿರದಲ್ಲೊಂದು ಕಡುಗಪ್ಪು ಬೇಕು: ಒದ್ದೆಯಾದ ಮರದ ಬೊಡ್ಡೆ, ತೋಟದ ಗೇಟು, ಬೇಲಿ ಕಂಬ. ನೋಡಿದಿರಾ, ಬೇಲಿ ಮತ್ತೆ ಬಂತು. ಮಳೆಯ ಹನಿ ಕಾಣಬೇಕಾದರೆ ಬೆಳಕು ಎದುರಿನಿಂದ ಬರಬೇಕು, ಹಿಂದೆ ಕತ್ತಲೆಯ ಕಾಡಿರಬೇಕು. ಒದ್ದೆ ಎಲೆಗಳ ಮೇಲಿನ ಬಿಳಿ ಹೊಳಪು ಹಸಿರನ್ನು ತಿಂದುಹಾಕುತ್ತದೆ. ಪೋಲರೈಸರ್ ತಿರುಗಿಸಿದರೆ ಹಸಿರು ವಾಪಸು ಬರುತ್ತದೆ. ಫೋಟೊ ಸಲಕರಣೆಯಲ್ಲಿ ಮಲೆನಾಡಿಗೆಂದೇ ಹುಟ್ಟಿದ್ದು ಏನಾದರೂ ಇದ್ದರೆ ಅದೊಂದೇ.

ಮನೆಗೆ ಹೋದ ಮೇಲೆ ಲೆನ್ಸನ್ನು ಒದ್ದೆ ಬ್ಯಾಗಿನಲ್ಲೇ ಮುಚ್ಚಿಟ್ಟಿರೋ, ಬೂಷ್ಟು ಖಂಡಿತ. ಗಾಜಿನೊಳಗೆ ಜೇಡನ ಬಲೆಯಂತೆ ಹರಡುವ ಅದನ್ನು ಒರೆಸಲಾಗುವುದಿಲ್ಲ. ನಮ್ಮ ಹಿರಿಯರು ಏಲಕ್ಕಿ, ಬಿತ್ತನೆ ಬೀಜ ಎಲ್ಲವನ್ನೂ ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗಿಡುತ್ತಿದ್ದರು. ಲೆನ್ಸಿಗೆ ಆ ಹೊಗೆ ಆಗಿಬರುವುದಿಲ್ಲ. ಬೀರುವಿನೊಳಗೆ ಒಂದು ಸಣ್ಣ ಬಲ್ಬ್ ಉರಿಸಿಡುವುದು ಹಳೆಯ ಉಪಾಯ, ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಇದ್ದರೆ. ಗಾಳಿಯಾಡದ ಡಬ್ಬ ಮತ್ತು ಸಿಲಿಕಾ ಜೆಲ್ ವಾಸಿ. ಜಿಗಣೆಗೆ ಸುಣ್ಣ, ಹೊಗೆಸೊಪ್ಪು. ಟ್ರೈಪಾಡಿನ ಕಾಲಿಗೂ ಹಚ್ಚಿಕೊಳ್ಳಿ, ತಮಾಷೆ ಮಾಡುತ್ತಿಲ್ಲ. ಮನುಷ್ಯನ ಕಾಲು ಯಾವುದು, ಟ್ರೈಪಾಡಿನದು ಯಾವುದು ಎಂದು ಅವು ನೋಡುವುದಿಲ್ಲ. ಹತ್ತಿ ಬಂದ ಮೇಲೆ ಕಣ್ಣಿಟ್ಟವರ ಕೆನ್ನೆ ಸಿಗುತ್ತದೆ.

ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಬಂದರೆ ಎಂಟು ಹತ್ತು ದಿನಕ್ಕೆ ಕಾಫಿ ಹೂ ಬಿಡುತ್ತದೆ. ಎರಡು ಮೂರು ದಿನ ತೋಟಕ್ಕೆ ತೋಟವೇ ಬೆಳ್ಳಗಾಗಿ, ಆಮೇಲೆ ಕಂದುತ್ತದೆ. ಎಲ್ಲಿ ಯಾವಾಗ ಬಿಡುತ್ತದೆ ಎಂದು ಯಾವ ಆಪ್ ಕೂಡ ಹೇಳುವುದಿಲ್ಲ. ಗುರುತಿನ ಬೆಳೆಗಾರರೊಬ್ಬರು ನಿಮಗಿದ್ದರೆ ಅವರು ಫೋನ್ ಮಾಡುತ್ತಾರೆ. ಮಳೆಗೆ ಮೊದಲು ನಡೆಯುವ ಮರಗಸಿಯನ್ನು ಮಾತ್ರ ಇದುವರೆಗೆ ಯಾರೂ ಮನಸ್ಸಿಟ್ಟು ತೆಗೆದದ್ದು ನಾನು ಕಂಡಿಲ್ಲ. ಎತ್ತರದ ಮರದ ತುದಿಯಲ್ಲಿ ಕತ್ತಿ ಹಿಡಿದು ನಿಂತು ಕೊಂಬೆ ಇಳಿಸುವವನು ಕಾಫಿಗೆ ಎಷ್ಟು ಬೆಳಕು, ಎಷ್ಟು ನೆರಳು ಎಂದು ತೀರ್ಮಾನಿಸುತ್ತಾನೆ. ಬೆಳಕಿನ ಜೊತೆ ಕೆಲಸ ಮಾಡುವವರಲ್ಲಿ ಈ ಬೆಟ್ಟಗಳಲ್ಲಿ ಅವನೇ ದೊಡ್ಡವನು, ನೀವೂ ಅಲ್ಲ, ನಾನೂ ಅಲ್ಲ.

ಶೆಟ್ಟಿಹಳ್ಳಿಯ ಚರ್ಚು ನಿಮ್ಮ ಪಟ್ಟಿಯಲ್ಲಿ ಇದ್ದೇ ಇರುತ್ತದೆ. 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರು ಬಂದ ಮೇಲೆ ಮಳೆಗಾಲದಲ್ಲಿ ಅರ್ಧ ಮುಳುಗಿ ನಿಲ್ಲುತ್ತದೆ. ಪ್ರತಿಬಿಂಬ, ಬೆಳ್ಳಕ್ಕಿ, ಮುರಿದ ಕಮಾನು, ಎಲ್ಲ ಸರಿ. ಆದರೆ ಅದೇ ಹಿನ್ನೀರಿನಲ್ಲಿ ಊರೂರೇ ಮುಳುಗಿದವು. ಮನೆಮಠ ಕಳೆದುಕೊಂಡವರಲ್ಲಿ ಕೆಲವರಿಗೆ ಬದಲಿ ಜಮೀನು ಸಿಕ್ಕಿದ್ದು ಸಕಲೇಶಪುರ, ಆಲೂರಿನ ಕಾಡಂಚಿನಲ್ಲಿ. ಕಾಡು ಕಡಿದು ಗದ್ದೆ ಮಾಡಿದರು, ಆ ಗದ್ದೆಗೆ ಇವತ್ತು ಆನೆ ಬರುತ್ತಿದೆ. ನೀರಿನಲ್ಲಿ ನಿಂತ ಚರ್ಚಿನ ಚಿತ್ರಕ್ಕೂ ನಮ್ಮ ಬೇಲಿಯ ಚಿತ್ರಕ್ಕೂ ಇಷ್ಟು ಹತ್ತಿರದ ನಂಟಿದೆ. ಎರಡನ್ನೂ ಪಕ್ಕಪಕ್ಕ ತೂಗುಹಾಕಿದ ಪ್ರದರ್ಶನವನ್ನು ನಾನಿನ್ನೂ ನೋಡಿಲ್ಲ.

ನೀರಿನ ಕತೆ ಅಲ್ಲಿಗೇ ನಿಂತಿಲ್ಲ. ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳ ಎಂಬ ನಮ್ಮ ತಾಲ್ಲೂಕಿನ ಹಳ್ಳಗಳಿಂದ 24.01 ಟಿಎಂಸಿ ನೀರನ್ನು ಪೂರ್ವದ ಬರಗಾಲದ ಜಿಲ್ಲೆಗಳಿಗೆ ಹರಿಸುವ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು, ಗೌರಿ ಹಬ್ಬದ ದಿನ, ಉದ್ಘಾಟನೆಯಾಯಿತು. ಅಷ್ಟು ನೀರು ಸಿಗುತ್ತದೋ ಇಲ್ಲವೋ ಎಂಬ ಜಗಳ ಬೇರೆ; ಕೋಲಾರದ ತಾಯಂದಿರ ಬಾಯಾರಿಕೆಯೂ ಸುಳ್ಳಲ್ಲ. ನಾನು ಹೇಳುವುದು ಕಣ್ಣಿಗೆ ಕಂಡದ್ದನ್ನು: ಕಾಡಿನ ನಡುವೆ ಆಳೆತ್ತರದ ಪೈಪುಗಳು ಸಾಲಾಗಿ ಬಿದ್ದಿದ್ದ ವರ್ಷಗಳಲ್ಲಿ ಈ ಕಡೆ ಬಂದ ನೂರಾರು ಕ್ಯಾಮೆರಾಗಳು ಪೈಪಿನ ಈಚೆಗೊಂದು ಹೆಜ್ಜೆ ಸರಿದು, ಅದು ಕಾಣದ ಹಾಗೆ ಜಲಪಾತ ತೆಗೆದವು. ಆ ವರ್ಷಗಳು ಇನ್ನು ಸಿಗುವುದಿಲ್ಲ. ಪೈಪು ಮಣ್ಣಿನಡಿ ಸೇರಿದೆ.

ರೈಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ದೋಣಿಗಲ್, ಕಡಗರವಳ್ಳಿ, ಎಡಕುಮೇರಿ ದಾರಿಯ ಹಳಿಗಳ ಮೇಲೆ ನಡೆಯುವುದು ಅಪರಾಧ, ಅಪಾಯ ಕೂಡ; ಅದನ್ನು ಸಾಹಸವೆಂದು ಹಾಕುವುದನ್ನು ನಿಲ್ಲಿಸಿ. 2021ರಿಂದ ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿ ಇದೆ, ಕೂತು ತೆಗೆಯಿರಿ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ, ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಕುಸಿದು ರೈಲು ನಿಂತಾಗ, ಜಡಿಮಳೆಯಲ್ಲಿ ಹಗಲು ರಾತ್ರಿ ಮರಳಿನ ಚೀಲ ಜೋಡಿಸಿದ ಕಾರ್ಮಿಕರ ಚಿತ್ರಗಳು ಬಂದವಲ್ಲ, ಆ ದಾರಿಯ ಭೂದೃಶ್ಯಗಳಲ್ಲಿ ನನಗೆ ಹೆಚ್ಚು ನೆನಪಿರುವುದು ಅವು.

ಕಾಡಿನ ವಿಷಯಕ್ಕೂ ಇದೇ ಮಾತು. 2024ರ ಜನವರಿಯ ಕೊನೆಯ ರಜೆಯಲ್ಲಿ ಕುಮಾರಪರ್ವತದ ಕಡೆ ಸಾವಿರಾರು ಜನ ಒಟ್ಟಿಗೆ ಹತ್ತಿದ್ದನ್ನು ನೋಡಿದ ಮೇಲೆ ಸರ್ಕಾರ ಚಾರಣಕ್ಕೆ ಮುಂಗಡ ಬುಕಿಂಗ್, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ತಂದಿತು. ಹುಲ್ಲುಗಾವಲಿನ ದಾರಿಯಲ್ಲಿ ಇರುವೆ ಸಾಲಿನಂತೆ ನಿಂತ ಜನರ ಆ ಚಿತ್ರ ತೆಗೆದವರು ಯಾರೋ ಮೊಬೈಲಿನವರು. ನಿಯಮ ಬದಲಾಯಿಸಿದ್ದು ಆ ಚಿತ್ರ. ಜನ ಬರದ ಕೋನ ಹುಡುಕಿಕೊಂಡು ತೆಗೆದ ಚಿತ್ರಗಳಿಂದ ಆ ಕೆಲಸ ಆಗುತ್ತಿರಲಿಲ್ಲ.

ಸುಗ್ಗಿಯ ದಿನಗಳಲ್ಲಿ ಬಂದರೆ ಒಂದು ನೆನಪಿಡಿ. ಏಪ್ರಿಲ್ ಆಸುಪಾಸಿನಲ್ಲಿ ನಮ್ಮ ಹಳ್ಳಿಗಳಲ್ಲಿ ನಡೆಯುವ ಸುಗ್ಗಿಗೆ ಊರೂರಿಗೂ ಕಟ್ಟುಪಾಡುಗಳಿವೆ. ಎಲ್ಲಿ ನಿಲ್ಲಬಹುದು, ಚಪ್ಪಲಿ ಹಾಕಬಹುದೇ, ಕ್ಯಾಮೆರಾ ತೆಗೆಯಬಹುದೇ ಎಂದು ಊರ ಹಿರಿಯರನ್ನು ಕೇಳಿ. ಬೇಡ ಎಂದರೆ ಅಲ್ಲಿಗೆ ಬಿಡಿ; ಕುಣಿತ ನೋಡಿ, ಪಾನಕ ಕುಡಿದು ಬನ್ನಿ. ಮನೆಯಂಗಳದ ಮುದುಕಿಯ ಮುಖ ತೆಗೆಯುವ ಮುನ್ನ, 'ಅಜ್ಜಿ, ಒಂದು ಫೋಟೊ ತೆಗೀಲಾ?' ಎಂದು ಕೇಳಿದರೆ ಅವರು ಸೆರಗು ಸರಿಮಾಡಿಕೊಂಡು ಕಾಫಿ ಕೊಟ್ಟೇ ಕಳಿಸುತ್ತಾರೆ. ಕೇಳದೆ ತೆಗೆದರೂ ಸುಮ್ಮನಿರುತ್ತಾರೆ. ಆ ಸುಮ್ಮನಿರುವುದನ್ನು ಒಪ್ಪಿಗೆ ಎಂದುಕೊಳ್ಳಬೇಡಿ.

ಈಗ ಕೇಳಬೇಕೆಂದು ಹೊರಟದ್ದಕ್ಕೆ ಬರುತ್ತೇನೆ.

ಹೆತ್ತೂರು ಸೀಮೆ ಹಿಂದೆ ಹೇಗಿತ್ತು ಎಂದು ನೋಡುವ ಆಸೆಯಿಂದ ನಾನು ಹಳೆಯ ಚಿತ್ರ ಹುಡುಕಿದ್ದುಂಟು. ಸಿಕ್ಕಿದ್ದು ಎಲ್ಲಿ ಗೊತ್ತೇ, ಮದುವೆ ಆಲ್ಬಂಗಳಲ್ಲಿ. ಸಕಲೇಶಪುರದಿಂದ ಬರುತ್ತಿದ್ದ ಸ್ಟುಡಿಯೊದವರು ಮದುಮಕ್ಕಳನ್ನು ಅಂಗಳದ ಅಂಚಿನಲ್ಲಿ ನಿಲ್ಲಿಸಿ ತೆಗೆಯುತ್ತಿದ್ದರು. ಹಿಂದೆ ಏನಿದೆ ಎಂದು ಅವರು ನೋಡಲೂ ಇಲ್ಲ, ಅಳಿಸಲೂ ಇಲ್ಲ. ಹಾಗಾಗಿ ಬಾಸಿಂಗದ ಹಿಂದೆ ಕಣಿವೆಯ ತಳದವರೆಗೂ ನಾಟಿಯಾದ ಗದ್ದೆ ಇದೆ. ಹುಲ್ಲಿನ ಮಾಡು ಇದೆ, ದನದ ಹಿಂಡು ಇದೆ, ಏಲಕ್ಕಿ ಮಲೆಯ ಕತ್ತಲೆ ಇದೆ. ತಂತಿ ಒಂದೂ ಇಲ್ಲ. ತಿಥಿ, ಗೃಹಪ್ರವೇಶದ ಚಿತ್ರಗಳಲ್ಲೂ ಹೀಗೆಯೇ. ನಮ್ಮ ಸೀಮೆಯ ಒಳ್ಳೆಯ ಭೂದೃಶ್ಯಗಳನ್ನೆಲ್ಲ ಭೂದೃಶ್ಯ ತೆಗೆಯುತ್ತಿದ್ದೇವೆ ಎಂದು ಗೊತ್ತೇ ಇಲ್ಲದವರು ತೆಗೆದಿದ್ದಾರೆ.

1977ರಲ್ಲಿ ಅಮೆರಿಕದಲ್ಲಿ ಮಾರ್ಕ್ ಕ್ಲೆಟ್ ಮತ್ತು ಅವರ ಸಂಗಾತಿಗಳು ಹತ್ತೊಂಬತ್ತನೆಯ ಶತಮಾನದ ಸರ್ವೆ ಛಾಯಾಗ್ರಾಹಕರು ನಿಂತಿದ್ದ ಜಾಗಗಳನ್ನೇ ಹುಡುಕಿ, ಅದೇ ಕೋನ, ಅದೇ ಋತು, ಅದೇ ಹೊತ್ತಿಗೆ ಮತ್ತೆ ಚಿತ್ರ ತೆಗೆಯುವ ಕೆಲಸಕ್ಕೆ ಇಳಿದರು. ನೆರಳು ಬಂಡೆಯ ಮೇಲೆ ಎಲ್ಲಿ ಬಿದ್ದಿದೆ ಎಂಬುದರಿಂದ ಹೊತ್ತು ಲೆಕ್ಕ ಹಾಕುತ್ತಿದ್ದರಂತೆ. ಇಲ್ಲಿ ಅದನ್ನು ಮಾಡಲು ದೊಡ್ಡ ಯೋಜನೆ ಬೇಕಿಲ್ಲ. ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿ 1971ರಿಂದ ಇದೆ, ಮೈಸೂರು, ಮಂಗಳೂರು, ಹಾಸನದಲ್ಲೂ ನಿಮ್ಮ ಬಳಗಗಳಿವೆ. ಒಂದೊಂದು ಬಳಗ ನಮ್ಮ ಹೋಬಳಿಯ ಒಂದೊಂದು ಹಳ್ಳಿ ಹಿಡಿದರೆ ಸಾಕು. ಆಲ್ಬಂ ನೋಡಿ, ಮದುಮಕ್ಕಳು ನಿಂತ ಅಂಗಳದ ಅಂಚಿಗೇ ಹೋಗಿ ನಿಂತು ತೆಗೆಯಿರಿ. ಆ ಮದುಮಕ್ಕಳು ಈಗ ಅಜ್ಜ ಅಜ್ಜಿಯಾಗಿದ್ದಾರೆ. ಇದ್ದರೆ ಅವರನ್ನೂ ನಿಲ್ಲಿಸಿ. ಪಕ್ಕದ ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಇದ್ದ ಜಾಗದಲ್ಲೇ ಇದ್ದು, ತೋಟ ನೋಡಿಕೊಳ್ಳುತ್ತ, ಹಕ್ಕಿಗಳನ್ನು ವರ್ಷಗಟ್ಟಲೆ ತೆಗೆದರು. ಒಂದು ಜಾಗಕ್ಕೆ ಮತ್ತೆ ಮತ್ತೆ ಬರುವುದರಿಂದ ಏನಾಗುತ್ತದೆ ಎನ್ನುವುದಕ್ಕೆ ನಾವು ಅಮೆರಿಕಕ್ಕೆ ಹೋಗಬೇಕಿಲ್ಲ ಎಂದು ಈಗ ಅನ್ನಿಸುತ್ತಿದೆ, ಬರೆದದ್ದನ್ನು ಹೊಡೆದುಹಾಕುವುದಿಲ್ಲ.

ತೆಗೆದದ್ದರಲ್ಲಿ ಒಂದು ಪ್ರತಿ ಪ್ರಿಂಟ್ ಹಾಕಿಸಿ ಆ ಮನೆಗೆ ಕೊಡಿ. ವಾಟ್ಸ್ಯಾಪಿನಲ್ಲಿ ಕಳಿಸಿದ್ದು ಮೂರನೆಯ ದಿನಕ್ಕೆ ಎಲ್ಲೋ ಕೆಳಗೆ ಹೋಗಿರುತ್ತದೆ. ಕಾಗದದ ಮೇಲಿದ್ದರೆ ಆಲ್ಬಮ್ಮಿನಲ್ಲಿ ಹಳೆಯದರ ಎದುರು ಪುಟದಲ್ಲಿ ಕೂರುತ್ತದೆ. ಹಿಂಬದಿಯಲ್ಲಿ ಊರು, ದಿನಾಂಕ, ಯಾವ ದಿಕ್ಕಿಗೆ ನೋಡಿ ತೆಗೆದದ್ದು ಎಂದು ಬರೆಯಿರಿ.

ಪುಷ್ಯ ಮಳೆ ಜುಲೈ 19ರ ಸುಮಾರಿಗೆ ಹಿಡಿಯುತ್ತದೆ. ನಾಟಿ ಇರುವ ಮನೆಗಳಲ್ಲಿ ಆಗ ಯಾರಿಗೂ ಪುರುಸೊತ್ತಿರುವುದಿಲ್ಲ, ಆದ್ದರಿಂದ ಸಂಜೆಯ ಹೊತ್ತು ಆಲ್ಬಂ ನೋಡೋಣ. ನಾಲ್ಕೈದು ಮನೆಯವರಿಗೆ ಈಗಲೇ ಹೇಳಿಟ್ಟಿದ್ದೇನೆ, ಪೆಟ್ಟಿಗೆಯಿಂದ ತೆಗೆದು ಬಿಸಿಲು ಕಂಡ ದಿನ ಒಣಗಿಸಿಡುತ್ತಾರೆ. ನೀವು ಬರುವಾಗ ಸ್ಕ್ಯಾನರ್ ಇದ್ದವರು ಸ್ಕ್ಯಾನರ್ ತನ್ನಿ, ಎಲ್ಲರೂ ಕೊಡೆ ತನ್ನಿ. ಹೆತ್ತೂರಿಗೆ ಬಂದು ಕೇಳಿದರೆ ನಮ್ಮ ಮನೆಯ ದಾರಿ ಯಾರಾದರೂ ತೋರಿಸುತ್ತಾರೆ. ಊಟಕ್ಕೆ ಕಳಲೆ ಪಲ್ಯ, ಅಕ್ಕಿ ಕಡುಬು.

ಇತಿ ನಿಮ್ಮವ,
ಹೆತ್ತೂರು ಹೋಬಳಿಯ ಒಬ್ಬ ಹವ್ಯಾಸಿ